ಉದ್ಘಾಟನಾ ಶಾಸನಗಳು: ಹಾವೇರಿ ಸೀಮೆಯ ಒಂದು ಅಧ್ಯಯನ

ಬನವಾಸಿ-12000 ನಾಡಿನ ಹಳೆಯ ಶಾಸನಗಳನ್ನು ವಿದ್ವಾಂಸರು ಓದಿ ದಣಿದಿದ್ದಾರೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಗೋಡೆಗೆ ಮೆತ್ತಿದ ಕರಿಕಲ್ಲಿನ ಶಾಸನಗಳತ್ತ ಒಬ್ಬರೂ ಕಣ್ಣು ಹಾಯಿಸಿಲ್ಲ. ಪ್ರಸ್ತುತ ಸಂಶೋಧಕನು ಆ ಕೊರತೆಯನ್ನು ನೀಗಿಸಲು ಟೊಂಕ ಕಟ್ಟಿದ್ದಾನೆ.

ಲಿಪಿ ಕನ್ನಡ, ಅಕ್ಷರಕ್ಕೆ ಬಂಗಾರದ ಬಣ್ಣ. ಪ್ರಶಸ್ತಿಭಾಗ ಸುದೀರ್ಘ: ಅಮೃತಹಸ್ತ, ಘನ ಉಪಸ್ಥಿತಿ, ಅಧ್ಯಕ್ಷತೆ, ಮುಖ್ಯ ಅತಿಥಿಗಳು. ಕೆಲವು ಕಲ್ಲುಗಳ ಅಂಚಿನಲ್ಲಿ ಒಂದು ಹೆಸರು ಇಕ್ಕಟ್ಟಾಗಿ ನುಸುಳಿರುತ್ತದೆ. ಅದು ಪ್ರಕ್ಷಿಪ್ತವಲ್ಲ, ಜಗಳವಾಡಿ ಕೆತ್ತಿಸಿದ್ದು.

ತೊಡಕಿರುವುದು ದಾನಭಾಗದಲ್ಲಿ. ಹಳಬರು ಕೆರೆ ಕಟ್ಟಿಸಿದರೆ ಅದರ ದುರಸ್ತಿಗೆಂದೇ ಕೆರೆಗೊಡಗೆ, ಬಿತ್ತುವಟ್ಟ ಎಂಬ ದತ್ತಿಗಳನ್ನು ಬಿಡುತ್ತಿದ್ದರು. ಗುಡಿ ಕಟ್ಟಿಸಿದರೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು ಮತ್ತರು ಭೂಮಿ ಎಂದು ಕಲ್ಲಿನಲ್ಲೇ ಬರೆಸುತ್ತಿದ್ದರು. ಅಂದರೆ ತಾವು ಕಟ್ಟಿಸಿದ್ದು ಒಂದು ದಿನ ಒಡೆಯುತ್ತದೆ ಎಂಬ ಅಪಶಕುನದ ಮಾತನ್ನು ಅವರು ಉದ್ಘಾಟನೆಯ ದಿನವೇ ಆಡಿಬಿಡುತ್ತಿದ್ದರು! ನಮ್ಮ ಕಾಲದ ಶಾಸನಕಾರರು ಇಂಥ ಅಮಂಗಳವನ್ನು ನುಡಿಯುವುದಿಲ್ಲ. ಹೀಗಾಗಿ ಘಟಕದ ಫಿಲ್ಟರು ಕೆಟ್ಟ ಮೇಲೂ 5 ರೂಪಾಯಿ ನಾಣ್ಯ ನುಂಗುವ ಶಕ್ತಿ ಮಾತ್ರ ಅದರಲ್ಲಿ ಉಳಿದಿರುತ್ತದೆ.

ಹಣವೇ ಇಲ್ಲವೆಂದಲ್ಲ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗೆ ಪಂಚಾಯ್ತಿ ಅನುದಾನದ ಶೇ 60ನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಉಳಿದ ಶೇ 40ನ್ನು ಊರಿನ ಬೇರೆ ಅಗತ್ಯಗಳಿಗೆ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಮುಟ್ಟುವಂತಿರಲಿಲ್ಲ. ಪೈಪಿಗೆ ದಾರಿಯಿತ್ತು; ವಾಲ್ವ್ ತಿರುಗಿಸುವ ನೀರುಗಂಟಿಯ ಪಗಾರಕ್ಕೆ ಬೇರೆ ಬಾಗಿಲು ಬಡಿಯಬೇಕಿತ್ತು. ಮನೆ ಕಂದಾಯದಿಂದ ಕೊಡಬಹುದಲ್ಲ ಎಂದರೆ, ನೀರು ಬಂದರೆ ಕಟ್ಟುತ್ತೇವೆ ಎನ್ನುತ್ತದೆ ಊರು. ಕಟ್ಟಿದರೆ ಬಿಡುತ್ತೇವೆ ಎನ್ನುತ್ತದೆ ಪಂಚಾಯ್ತಿ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಈ ಕುರಿತು ವಿಚಾರಿಸಲಾಗಿ ನೀರುಗಂಟಿಯೊಬ್ಬ, "ಕಲ್ಲಿಗೆ ರೊಕ್ಕ ಬರ್ತೈತ್ರಿ ಸಾಹೇಬ್ರ, ಫಿಲ್ಟರಿಗೆ ಬರಂಗಿಲ್ಲ" ಎಂದು ಇಡೀ ಪ್ರಬಂಧವನ್ನೇ ಅನಗತ್ಯಗೊಳಿಸಿದ. ಆದ್ದರಿಂದ ಅವನ ಹೇಳಿಕೆಯನ್ನು ಕೈಬಿಡಲಾಗಿದೆ.

ಇನ್ನು ಶಾಪಾಶಯ. ಧರ್ಮ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆಂದು ಹಳೆಯ ಶಾಸನಗಳು ಎಚ್ಚರಿಸುತ್ತವೆ. ಈ ಸಾಲನ್ನು ಹೊಸ ಕಲ್ಲುಗಳಿಗೂ ಸೇರಿಸಬೇಕೆಂಬುದು ನಮ್ಮ ಸಲಹೆ. ಚರಂಡಿ ತುಂಬಿ ರಸ್ತೆಗೆ ಹರಿಯುವ ಓಣಿಗಳಲ್ಲಿ ಹುಳುವಿನ ವಸತಿಗೆ ಪ್ರತ್ಯೇಕ ಅನುದಾನವೂ ಬೇಕಾಗದು. ಒಂದೇ ಅಡ್ಡಿಯೆಂದರೆ, ಪ್ರಶಸ್ತಿಭಾಗದ ಕೆಳಗೆ ಜಾಗವಿಲ್ಲ. ದೊಡ್ಡ ಕಲ್ಲಿಗೆ ಪರಿಷ್ಕೃತ ಎಸ್ಟಿಮೇಟ್ ಹಾಕಬೇಕು. ಅದಂತೂ ಕೂಡಲೇ ಮಂಜೂರಾಗುತ್ತದೆ.