ಹುದ್ದೆ ಖಾಲಿ ಇಲ್ಲ

(ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಬಾಗಿಲು ತೆರೆದಿದೆ, ಅದೇ ವಿಶೇಷ.)

ಅಜ್ಜಿ: ಡಾಕ್ಟ್ರು ಇದಾರೇನಪ್ಪಾ? ಜ್ವರ ಬಿಡ್ತಾನೇ ಇಲ್ಲ.

ಗುಮಾಸ್ತ: ಇದಾರಲ್ಲ ಅಜ್ಜಿ! ಸಂಬಳದ ಬಿಲ್ಲಲ್ಲಿದಾರೆ, ಹೊರಗಿನ ಬೋರ್ಡಲ್ಲೂ ಇದಾರೆ.

ಅಜ್ಜಿ: ಕುರ್ಚೀಲಿ?

ಗುಮಾಸ್ತ: ಕುರ್ಚಿ ಮಾತ್ರ ಇಲ್ಲಿದೆ. ಅವರು ಜಿಲ್ಲಾ ಕೇಂದ್ರಕ್ಕೆ ನಿಯೋಜನೆ ಮೇಲೆ ಹೋಗಿದಾರೆ. ಇಲ್ಲಿನ ಕ್ವಾರ್ಟರ್ಸ್ ಸೋರುತ್ತೆ ನೋಡಿ.

ಅಜ್ಜಿ: ನಮ್ಮನೇನೂ ಸೋರುತ್ತೆ. ನಮ್ಮನ್ನ ಯಾರೂ ನಿಯೋಜನೆ ಮಾಡ್ಲಿಲ್ಲ.

(ಗುಮಾಸ್ತರು ಇದನ್ನು ಕಡತಕ್ಕೆ ಸೇರಿಸಲಿಲ್ಲ.)

ಅಜ್ಜಿ: ಎಂಬಿಬಿಎಸ್ ಮುಗಿಸಿದ ಮಕ್ಳು ಒಂದು ವರ್ಷ ಹಳ್ಳಿಗೆ ಬರ್ಬೇಕು ಅಂತ ಕಾನೂನಿದೆಯಂತಲ್ಲ?

ಗುಮಾಸ್ತ: ಇದೆ, 2012ರದ್ದು. ಆದ್ರೆ ತಿದ್ದುಪಡಿ ಆದ್ಮೇಲೆ ಖಾಲಿ ಹುದ್ದೆ ಇದ್ರೆ ಮಾತ್ರ. ನಮ್ಮಲ್ಲಿ ಖಾಲಿ ಎಲ್ಲಿದೆ? ಭರ್ತಿ!

ಅಜ್ಜಿ: ಅಂದ್ರೆ, ಇರೋರು ಬರಲ್ಲ. ಇರೋರು ಇರೋದ್ರಿಂದ ಬೇರೆಯೋರೂ ಬರಲ್ಲ.

ಗುಮಾಸ್ತ: ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡ್ರಿ! ನಮ್ಮ ಮೇಲಿನೋರಿಗೆ ಇದನ್ನ ವಿವರಿಸೋಕೆ ಮೂರು ಸಭೆ ಬೇಕಾಯ್ತು.

ಅಜ್ಜಿ: ಗುಡ್ಡಗಾಡಲ್ಲಿ 20 ಸಾವಿರ ಜನಕ್ಕೊಂದು ಆಸ್ಪತ್ರೆ ಅಂತಾರಪ್ಪ.

ಗುಮಾಸ್ತ: ಆಸ್ಪತ್ರೆ ಕೊಟ್ಟಿದೀವಲ್ಲ! ಗೋಡೆಗೆ ಹೋದ ವರ್ಷ ಸುಣ್ಣಾನೂ ಆಗಿದೆ.

ಅಜ್ಜಿ: ಮಾತ್ರೆನಾದ್ರೂ ಕೊಡು.

ಗುಮಾಸ್ತ: ಡಾಕ್ಟ್ರು ಬರೆದುಕೊಡ್ಬೇಕು ಅಜ್ಜಿ. ನಿಯಮ.

ಓದುಗರೇ, ನಿಮ್ಮೂರ ಬೋರ್ಡಿನಲ್ಲಿರುವ ವೈದ್ಯರು ನಿಜವಾಗಿ ಎಲ್ಲಿ ಕೆಲಸ ಮಾಡುತ್ತಿದ್ದಾರೆಂದು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಗಡುವು 30 ದಿನ.