ಮರುವಾಯಿಗೆ ಸ್ಟ್ರಾಂಗ್ ಬೇಡ: ಜೀಡಿಮೆಟ್ಲಾದ ಗೆಳೆಯರಿಗೊಂದು ಬಹಿರಂಗ ಪತ್ರ

ಹೈದರಾಬಾದಿನ ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ದುಡಿಯುವ ಕರಾವಳಿಯ ಗೆಳೆಯರೇ,

ಭಾನುವಾರ ನಿಮ್ಮ ರೂಮುಗಳಲ್ಲಿ ಮರುವಾಯಿ ಚಿಪ್ಪಿಗೆ ಆಗುತ್ತಿರುವ ಅನ್ಯಾಯದ ಬಗ್ಗೆ ಬರೆಯುತ್ತಿದ್ದೇನೆ. ಊರಿಂದ ಬರುವವರ ಕೈಯಲ್ಲಿ ಐಸ್ ಹಾಕಿಸಿ ತರಿಸುತ್ತೀರಿ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ ಹುರಿದು, ತೆಂಗಿನತುರಿ ಸೇರಿಸಿ ಸುಕ್ಕ ಮಾಡುತ್ತೀರಿ. ಸಮುದ್ರ ಸುಮಾರು 300 ಕಿ.ಮೀ. ದೂರವಿರುವ ಊರಲ್ಲಿ ಇಷ್ಟೆಲ್ಲ ಪಾಡುಪಟ್ಟು, ಕೊನೆಗೆ ತಟ್ಟೆಯ ಪಕ್ಕ ಇಡುವುದು ಸ್ಟ್ರಾಂಗ್ ಬಿಯರ್!

ಕೊಟ್ಟ ದುಡ್ಡಿಗೆ ಕಿಕ್ ಸಿಗಬೇಕೆಂಬ ಲೆಕ್ಕ ನನಗೆ ಅರ್ಥವಾಗುತ್ತದೆ. 2025ರ ಫೆಬ್ರುವರಿಯಲ್ಲಿ ತೆಲಂಗಾಣ ಸರಕಾರ ಬಿಯರ್ ದರವನ್ನು ಶೇ. 15ರಷ್ಟು ಏರಿಸಿದ ಮೇಲಂತೂ ಆ ಲೆಕ್ಕ ಇನ್ನೂ ಬಿಗಿಯಾಗಿದೆ. ಆದರೆ ಸ್ಟ್ರಾಂಗ್‌ನಲ್ಲಿ ಮದ್ಯಸಾರ ಶೇ. 8ರವರೆಗೂ ಇರುತ್ತದೆ. ಮದ್ಯಸಾರ ಮೆಣಸಿನ ಉರಿಯನ್ನು ತಣಿಸುವುದಿಲ್ಲ, ಕೆರಳಿಸುತ್ತದೆ. ಮರುವಾಯಿಯ ಆ ನವಿರು ಸಿಹಿ, ಉಪ್ಪುನೀರಿನ ರುಚಿ ಆ ಉರಿಯಲ್ಲಿ ಎಲ್ಲಿ ಉಳಿದೀತು?

ಅದೇ ಅಂಗಡಿಯಲ್ಲಿ ಶೇ. 5ರ ಆಸುಪಾಸಿನ ಲಾಗರ್ ಕೂಡ ಸಿಗುತ್ತದೆ, ಅದನ್ನು ಕೇಳಿ. ಕಿಂಗ್‌ಫಿಷರ್ ಪ್ರೀಮಿಯಂ ಸಾಕು. ಕಂಪನಿ ನಮ್ಮ ಬೆಂಗಳೂರಿನದು, ಬ್ರೂವರಿ ನಿಮ್ಮ ಪಕ್ಕದ ಸಂಗಾರೆಡ್ಡಿ ಜಿಲ್ಲೆಯಲ್ಲೇ ಇದೆ. ಕಹಿ ಕಡಿಮೆ, ನೊರೆ ಚುರುಕು; ತೆಂಗಿನೆಣ್ಣೆಯ ಜಿಡ್ಡನ್ನು ನಾಲಿಗೆಯಿಂದ ತೊಳೆದು ಮುಂದಿನ ತುತ್ತಿಗೆ ಜಾಗ ಮಾಡಿಕೊಡುತ್ತದೆ. ಬೋನಸ್ ಬಂದ ತಿಂಗಳು ಹೂಗಾರ್ಡನ್ ನೋಡಿ. ಬೆಲ್ಜಿಯಮ್ಮಿನ ಈ ಗೋಧಿ ಬಿಯರಿಗೆ ಕಿತ್ತಳೆ ಸಿಪ್ಪೆಯ ಜೊತೆ ಕೊತ್ತಂಬರಿ ಬೀಜ ಹಾಕುತ್ತಾರೆ. ನಿಮ್ಮ ಸುಕ್ಕದಲ್ಲಿರುವುದೂ ಅದೇ ಬೀಜ. ಇಷ್ಟು ಸರಿಯಾದ ಜೋಡಿ ನನಗೆ ಬೇರೆ ಕಂಡಿಲ್ಲ.

ಐರ್ಲೆಂಡಿನವರು ಚಿಪ್ಪಿನ ಜೊತೆ ಕಪ್ಪು ಸ್ಟೌಟ್ ಕುಡಿಯುತ್ತಾರಲ್ಲ ಎಂದು ಕೇಳಬಹುದು. ಹೌದು, ಗಾಲ್ವೆಯಲ್ಲಿ 1954ರಿಂದ ಅದಕ್ಕೊಂದು ಹಬ್ಬವೇ ಇದೆ. ಅವರು ತಿನ್ನುವುದು ಮಸಾಲೆಯಿಲ್ಲದ ಹಸಿ ಸಿಂಪಿ. ಬರೀ ಉಪ್ಪಿಗೆ ಹುರಿದ ಬಾರ್ಲಿಯ ಕಹಿ ಒಗ್ಗುತ್ತದೆ. ನಮ್ಮದರಲ್ಲಿ ಹುರಿದ ಮಸಾಲೆ ಮೊದಲೇ ಇದೆ, ಅದರ ಮೇಲೆ ಇನ್ನೊಂದು ಹುರಿದ ರುಚಿ ಭಾರ. ರೆಡ್ ವೈನ್ ತರುವವರಿಗೂ ಒಂದು ಮಾತು: ವೈನಿನಲ್ಲಿರುವ ಕಬ್ಬಿಣದ ಅಂಶ ಚಿಪ್ಪುಮಾಂಸದ ಜೊತೆ ಸೇರಿದರೆ ಬಾಯಲ್ಲಿ ಹಳಸಿದ ಮೀನಿನ ವಾಸನೆ ಉಳಿಯುತ್ತದೆ ಎಂದು 2009ರಲ್ಲೇ ಜಪಾನಿನ ಸಂಶೋಧಕರು ತೋರಿಸಿದ್ದಾರೆ.

ಮರುವಾಯಿ ಬಾರದ ವಾರ ಭೀಮವರಂ ಕಡೆಯ ಹೊಂಡಗಳಲ್ಲಿ ಬೆಳೆದ ಸೀಗಡಿ ಇದ್ದೇ ಇದೆ. ಅದಕ್ಕೂ ಇದೇ ಮಾತು. ಏಡಿ ಘೀ ರೋಸ್ಟಿಗೆ ಮಾತ್ರ ಸ್ವಲ್ಪ ಗಟ್ಟಿ ಬಿಯರ್ ನಡೆದೀತು, ತುಪ್ಪ ಅದನ್ನು ತಡೆದುಕೊಳ್ಳುತ್ತದೆ.

ಯೂರಿಕ್ ಆಸಿಡ್ ಹೆಚ್ಚಿರುವವರು ದಯವಿಟ್ಟು ಈ ಜೋಡಿಯನ್ನೇ ಬಿಡಿ. ಬಿಯರ್, ಚಿಪ್ಪುಮಾಂಸ ಎರಡೂ ಅದನ್ನು ಏರಿಸುವಂಥವು. ಸೋಮವಾರ ಬೆಳಗಿನ ಶಿಫ್ಟಿಗೆ ಊದಿದ ಹೆಬ್ಬೆರಳಿನಲ್ಲಿ ನಿಲ್ಲಲಾಗದು. ಉಳಿದವರು ಬರುವ ಭಾನುವಾರ ಒಂದು ಬಾಟಲಿ ಬದಲಿಸಿ ನೋಡಿ, ಹೇಗಿತ್ತೆಂದು ನನಗೆ ಬರೆಯಿರಿ.

ಇಂತಿ,
ನಿಮ್ಮ ಊರಿನವ