ಗಾಡಿ ಹಚ್ಚುವ ಸಾಹುಕಾರರು

ನಮ್ಮ ಕೊಪ್ಪಳ ಸೀಮೆಯ ಊರೂರಿಗೂ ಒಬ್ಬ ಗಾಡಿ ಸಾಹುಕಾರರು ಇದ್ದೇ ಇರುತ್ತಾರೆ. ಗಂಗಾವತಿಯಲ್ಲಾದರೆ ರೈಸ್ ಮಿಲ್ಲಿನ ಪಾಲುದಾರರು, ಕುಷ್ಟಗಿಯಲ್ಲಾದರೆ ಗ್ರಾನೈಟ್ ವ್ಯಾಪಾರಿ, ಯಲಬುರ್ಗಾದಲ್ಲಾದರೆ ನಿವೃತ್ತ ಹೆಡ್‌ಮಾಸ್ತರು. ಗುರುತು ಮಾತ್ರ ಒಂದೇ: ಕೆಎ 37 ನಂಬರಿನ ಬಿಳಿ ಕಾರು, ಮುಂದೆ ಗವಿಸಿದ್ಧೇಶ್ವರ, ಹಿಂದಿನ ಗಾಜಿಗೆ ಅಂಜನಾದ್ರಿಯ ಹನುಮಪ್ಪ. ಕಾರಿಗೊಂದು ಗೀಚು ಬಿದ್ದರೆ ವಾರಗಟ್ಟಲೆ ಊಟ ಸೇರುವುದಿಲ್ಲ.

ಬೆಂಗಳೂರಿನಲ್ಲಿ ಓದುವ ಮಗಳು ಇಂಥವರನ್ನು ಕಸ್ತೂರ್ಬಾ ರಸ್ತೆಯ ‘ಮ್ಯಾಪ್’ಗೆ ಕರೆಯುತ್ತಾಳೆ. 2023ರ ಫೆಬ್ರುವರಿಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಅದು. ಯಾರ ಚಿತ್ರ, ಟಿಕೆಟ್ ಎಷ್ಟು, ಊಹೂಂ, ಏನೂ ಕೇಳುವುದಿಲ್ಲ. “ಗಾಡಿ ಎಲ್ಲಿ ಹಚ್ಚೋದವ್ವಾ?”

“ಮೆಟ್ರೊದಾಗ ಬರ್ರಿ, ಕಬ್ಬನ್ ಪಾರ್ಕ್ ಸ್ಟೇಷನ್ನಿನಿಂದ ನಡಕೊಂಡು ಹೋಗೋಣು” ಅಂದರೆ ಮುಖ ಇಳಿಯುತ್ತದೆ. 350 ಕಿ.ಮೀ. ಆಸುಪಾಸು ಗಾಡಿ ಹೊಡಕೊಂಡು ಬಂದದ್ದು ಅದನ್ನು ಪೀಣ್ಯದಲ್ಲಿ ಬಿಟ್ಟು ಹೋಗಲಿಕ್ಕಾ?

ಅವರದೂ ತಪ್ಪಲ್ಲ ಅನ್ನಿ. ಜನವರಿಯ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಮಂದಿ ಕೂಡಿದರೂ ಗಾಡಿಗೊಂದು ಬಯಲು ಸಿಕ್ಕೀತೆಂಬ ಭರವಸೆ ಇವರಿಗಿದೆ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇಗುಲವನ್ನು ಇವರು ಕಾರಿಗೆ ಒರಗಿಯೇ ನೋಡಿದ್ದು. ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆಗೆ ಬಣ್ಣ ಹಚ್ಚುವುದನ್ನು ಗಾಡಿ ಹಚ್ಚಿದ ಕಡೆಯಿಂದಲೇ ಕಂಡವರು.

ಹಾಗೆ ಗಾಡಿಯಲ್ಲೇ ಬಂದ ಒಬ್ಬ ಸಾಹುಕಾರರು ಕಬ್ಬನ್ ಪಾರ್ಕಿಗೆ ಬೇಡದ ಪ್ರದಕ್ಷಿಣೆ ಹಾಕಿ, ಎರಡು ದೊಡ್ಡ ಕಾರುಗಳ ನಡುವೆ ತಮ್ಮದನ್ನು ತೂರಿಸಿ, ಕನ್ನಡಿ ಮಡಚಿ, ಮತ್ತೆ ತಿರುಗಿ ಬಂದು ಬಾಗಿಲು ಜಗ್ಗಿ ನೋಡಿ ಹೊರಟರು. ಎದುರಿಗೆ ಮೈತುಂಬ ಉಬ್ಬುಗೀರಿನ ಉಕ್ಕಿನ ಹಲಗೆ ತೊಟ್ಟ ಕಟ್ಟಡ.

“ಇದೇನವ್ವಾ, ನೀರಿನ ಟ್ಯಾಂಕ್ ಇದ್ದಂಗೈತಿ!”

ಮಗಳು ನಾಚಿ ಅತ್ತಿತ್ತ ನೋಡಿದಳು. ಆದರೆ ವಾಸ್ತುಶಿಲ್ಪಿಗಳಾದ ಮ್ಯಾಥ್ಯೂ ಆ್ಯಂಡ್ ಘೋಷ್ ಸಂಸ್ಥೆಯವರ ಮನಸ್ಸಿನಲ್ಲಿದ್ದುದೂ ನೀರಿನ ಟ್ಯಾಂಕೇ! ಒಳಗೆ ಕಲಾಭಾಷಣ ಬಿಗಿಯುತ್ತಿದ್ದ ಎಷ್ಟು ಮಂದಿಗೆ ಅದು ಹೊಳೆದಿತ್ತೋ ಕಾಣೆ.

ಮೇಲೆ ಪ್ರತಿ ಮಹಡಿಯಲ್ಲೂ ಸಾಹುಕಾರರು ಹುಡುಕಿದ್ದು ರಸ್ತೆ ಕಡೆಯ ಕಿಟಕಿ. ಒಂದು ಅಮೂರ್ತ ಚಿತ್ರದ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಅಪ್ಪಗೆ ಕಲೆ ಹತ್ತಿತು ಅಂತ ಮಗಳು ಹಿಗ್ಗುವಷ್ಟರಲ್ಲಿ, ಕ್ಯಾನ್ವಾಸಿನ ಮೇಲಿನ ಕೆಂಪು ಗೆರೆಗೆ ಬೆರಳು ತೋರಿಸಿ ಕೇಳಿದರು: “ಈ ಗೀಚು ಬೇಕಂತಲೇ ಎಳದಾರೋ, ರಿವರ್ಸ್ ತಗೊಳ್ಳಾಗ ಬಿದ್ದೈತೋ?”

ಊರಿಗೆ ಬಂದ ಮೇಲೆ ಅವರೇ ಮ್ಯೂಸಿಯಂ ಪಂಡಿತರು. ಬೆಂಗಳೂರಿಗೆ ಹೊರಟ ಬೀಗರಿಗೆ ಹೇಳುತ್ತಿದ್ದರು: “ಹೋಗೋದಾದ್ರ ಸೋಮವಾರ ಹೋಗ್ರಿ. ಮ್ಯೂಸಿಯಂ ಬಂದ್ ಇರತೈತಿ, ಗಾಡಿ ಹಚ್ಚಾಕ ಜಾಗ ಭಾಳ.”